ಬಾಗಿಲು ಒಂದು ಗಂಟೆವರೆಗೆ, ಬಸ್ಸು ಹನ್ನೊಂದರವರೆಗೆ

ಬೆಂಗಳೂರಿನ ನೈಟ್‌ಲೈಫ್ ಅಂದ ಕೂಡಲೇ ಮಾತು ಎರಡೇ ದಾರಿ ಹಿಡಿಯುತ್ತೆ. ಒಂದು ಗುಂಪು, "ಏನ್ರೀ, ಇಷ್ಟು ದೊಡ್ಡ ಊರು, ರಾತ್ರಿ ಒಂದಕ್ಕೆಲ್ಲಾ ಲೈಟ್ ಆರಿಸಿ ಮನೆಗೆ ಹೋಗಿ ಅಂತಾರೆ" ಎಂದು ಗೊಣಗುತ್ತೆ. ಇನ್ನೊಂದು ಗುಂಪು, "ಪಬ್ಬು ಗಿಬ್ಬು ಅಂತ ಊರು ಹಾಳಾಯ್ತು, ಹತ್ತು ಗಂಟೆಗೇ ಮುಚ್ಚಿಸಬೇಕು" ಎನ್ನುತ್ತೆ. ಎರಡೂ ಗುಂಪಿನವರು ನಮ್ಮ ಮನೆಗಳಲ್ಲೇ ಇದ್ದಾರೆ, ಒಂದೇ ಡೈನಿಂಗ್ ಟೇಬಲ್ ಸುತ್ತ. ಇಬ್ಬರೂ ಜಗಳ ಆಡುವುದು ಒಂದೇ ವಿಷಯಕ್ಕೆ: ಬಾರಿನ ಬಾಗಿಲು ಎಷ್ಟು ಗಂಟೆಗೆ ಮುಚ್ಚಬೇಕು?

ನನಗನ್ನಿಸೋದು, ಈ ಪ್ರಶ್ನೆಯಲ್ಲೇ ನಮ್ಮ ಊರಿನ ರಾತ್ರಿಯ ದೊಡ್ಡ ಕೊರತೆ ಅಡಗಿದೆ. ಒಂದು ಕೋಟಿಗೂ ಹೆಚ್ಚು ಜನರಿರುವ ನಗರದ ರಾತ್ರಿಯನ್ನು ನಾವು ಒಂದು ಗ್ಲಾಸಿನೊಳಗೆ ಹಾಕಿಟ್ಟಿದ್ದೇವೆ. ಕುಡಿಯುವವರಿಗೆ ರಾತ್ರಿ ಇದೆ. ಕುಡಿಯದವರಿಗೆ, ಮನೆಮಂದಿಗೆ, ಒಬ್ಬಂಟಿ ಹೆಣ್ಣುಮಕ್ಕಳಿಗೆ, ರಾತ್ರಿ ದುಡಿಯುವವರಿಗೆ ಏನಿದೆ ಅಂತ ಯಾರೂ ಕೇಳೋದಿಲ್ಲ.

ದೀಪ ಮೊದಲು ಬಂದ ಊರು

ಹಾಗೆ ನೋಡಿದರೆ ರಾತ್ರಿಯ ವಿಷಯದಲ್ಲಿ ಬೆಂಗಳೂರು ಹಿಂದುಳಿದ ಊರೇನಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳಿಗೆ ಬಂತು. ದೇಶದ ಎಷ್ಟೋ ಊರುಗಳಲ್ಲಿ ಇನ್ನೂ ಲಾಟೀನು ಹಿಡಿದು ಓಡಾಡುತ್ತಿದ್ದ ಕಾಲ ಅದು.

ನಮ್ಮ ಅಪ್ಪ-ಅಮ್ಮಂದಿರ ತಲೆಮಾರಿಗೆ ಬೆಂಗಳೂರಿನ ರಾತ್ರಿ ಅಂದ್ರೆ ಮೆಜೆಸ್ಟಿಕ್. ಸಂತೋಷ್, ನರ್ತಕಿ, ಸಪ್ನ, ಕಪಾಲಿ, ಸಾಗರ್ ಅಂತ ಕೆಂಪೇಗೌಡ ರಸ್ತೆ ಸುತ್ತಮುತ್ತ ಸಾಲು ಸಾಲು ಥಿಯೇಟರು. ಸೆಕೆಂಡ್ ಶೋ ಬಿಟ್ಟಾಗ ಜನ ಗುಂಪು ಗುಂಪಾಗಿ ನಡೆದು ಹೋಗೋರು, ದಾರಿಯಲ್ಲಿ ಗಾಡಿ ಇಡ್ಲಿ, ಬಿಸಿ ಹಾಲು, ಕಡಲೆಕಾಯಿ. ಹೆಂಗಸರು, ಮಕ್ಕಳು, ಅಜ್ಜಿಯರು ಎಲ್ಲರೂ ಆ ಗುಂಪಿನಲ್ಲಿದ್ದರು. ಆಗ ಅದಕ್ಕೆ ನೈಟ್‌ಲೈಫ್ ಅನ್ನೋ ಹೆಸರಿರಲಿಲ್ಲ ಅಷ್ಟೇ. ಈಗ ಕಪಾಲಿ ಇಲ್ಲ. ಸಿನಿಮಾ ಮಾಲ್‌ನೊಳಗೆ ಸೇರಿಕೊಂಡಿದೆ. ಶೋ ಮುಗಿದರೆ ಲಿಫ್ಟಿನಲ್ಲಿ ನೇರ ಬೇಸ್‌ಮೆಂಟಿಗೆ ಇಳಿದು ಕಾರು ಹತ್ತುತ್ತೇವೆ. ಬೀದಿಗೆ ಕಾಲೇ ಇಡುವುದಿಲ್ಲ.

80ರ ದಶಕದ ಕೊನೆಯಲ್ಲಿ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆ, ರೆಸ್ಟ್ ಹೌಸ್ ರಸ್ತೆಗಳಲ್ಲಿ ಪಬ್‌ಗಳು ಬಂದವು. 1989ರಲ್ಲಿ ಶುರುವಾದ ಪೆಕೋಸ್ ಇವತ್ತಿಗೂ ಇದೆ. ದೊಡ್ಡ ಬಿಯರ್ ಕಂಪನಿ ಇದೇ ಊರಿನದು, ಹವೆ ತಣ್ಣಗಿನದು, ದಂಡು ಪ್ರದೇಶದ ಹಳೆಯ ರೂಢಿ ಬೇರೆ. "ಪಬ್ ಸಿಟಿ" ಅನ್ನೋ ಬಿರುದು ಸಿಕ್ಕಿತು. ಆಮೇಲೆ ಐಟಿ ಬಂತು, ಸಂಬಳ ಬಂತು, 2010ರಲ್ಲಿ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಟಾಯಿಟ್ ಬಂತು, ಅದರ ಹಿಂದೆ ಸಾಲು ಸಾಲಾಗಿ ಮೈಕ್ರೋಬ್ರೂವರಿಗಳು. ಬಿರುದು ಗಟ್ಟಿಯಾಯಿತು. ಗಟ್ಟಿಯಾದಷ್ಟೂ ರಾತ್ರಿ ಕಿರಿದಾಯಿತು.

ಗಡಿಯಾರದ ರಾಜಕೀಯ

ಬಹಳ ವರ್ಷ ಇಲ್ಲಿ ಬಾರುಗಳಿಗೆ 11:30ರ ಗಡುವು ಇತ್ತು. 2014ರಲ್ಲಿ ವಾರಾಂತ್ಯಕ್ಕೆ ಮಾತ್ರ ರಾತ್ರಿ 1ರವರೆಗೆ ಅಂತ ಸಡಿಲ ಮಾಡಿದರು, 2016ರಲ್ಲಿ ವಾರವಿಡೀ ಅಂದರು. 2024ರಲ್ಲಿ ಮತ್ತೊಂದು ಆದೇಶ, ಮತ್ತೆ ಅದೇ 1 ಗಂಟೆ. ಪ್ರತಿ ಸಲವೂ ಟಿವಿಯಲ್ಲಿ ಚರ್ಚೆ, ಸಂಸ್ಕೃತಿಯ ಮಾತು, ಆದಾಯದ ಮಾತು.

ಈಗ ಇನ್ನೊಂದು ಗಡಿಯಾರ ನೋಡಿ. ನಮ್ಮ ಮೆಟ್ರೋದ ಕೊನೆಯ ರೈಲು ಕೊನೆ ನಿಲ್ದಾಣಗಳಿಂದ ಹೊರಡೋದು ರಾತ್ರಿ 11ರ ಆಸುಪಾಸು. ಬಿಎಂಟಿಸಿ ಬಸ್ಸುಗಳು ಅಷ್ಟು ಹೊತ್ತಿಗೆ ಡಿಪೋ ಸೇರುತ್ತಿರುತ್ತವೆ, ಬೆರಳೆಣಿಕೆಯ ನೈಟ್ ಸರ್ವಿಸ್ ಬಿಟ್ಟರೆ. ಅಂದ್ರೆ ಸರ್ಕಾರವೇ ಒಂದು ಕೈಯಲ್ಲಿ "1 ಗಂಟೆವರೆಗೆ ಕುಡಿಯಿರಿ" ಅನ್ನುತ್ತೆ, ಇನ್ನೊಂದು ಕೈಯಲ್ಲಿ 11ಕ್ಕೆ ಬಸ್ಸು ಎತ್ತಿಕೊಂಡು ಹೋಗುತ್ತೆ. ಆಮೇಲೆ ಅದೇ ರಸ್ತೆಯ ತಿರುವಿನಲ್ಲಿ ಪೊಲೀಸರು ಊದುವ ಯಂತ್ರ ಹಿಡಿದು ನಿಲ್ಲುತ್ತಾರೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು. ಆ ತಪಾಸಣೆ ಬೇಕೇ ಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕುಡಿದು ಗಾಡಿ ಓಡಿಸಬೇಡ ಅನ್ನೋ ಊರು, ಗಾಡಿ ಇಲ್ಲದೆ ಮನೆಗೆ ಹೋಗೋ ದಾರಿಯನ್ನೂ ತೋರಿಸಬೇಕಲ್ವಾ?

ಕುಡಿಯುವವರ ಮಾತು ಬಿಡಿ. ನನ್ನಂಥವರದು ಬೇರೆ ಕಥೆ. ಅಮೆರಿಕದ ಪಶ್ಚಿಮ ತೀರದವರ ಜೊತೆ ಕೆಲಸ. ಅವರ ಬೆಳಗಿನ ಕಾಫಿ ಹೊತ್ತಿಗೆ ನಮ್ಮ ಮೀಟಿಂಗು, ಕಾಲ್ ಮುಗಿಯೋದು ರಾತ್ರಿ 11:30ಕ್ಕೆ. ಆಫೀಸಿನಿಂದ ಹೊರಗೆ ಬಂದರೆ ದರ್ಶಿನಿಗಳೆಲ್ಲ ಶಟರ್ ಎಳೆದಿರುತ್ತವೆ. ಒಂದು ಇಡ್ಲಿ ಸಿಗಲ್ಲ, ಆದರೆ ಪಕ್ಕದಲ್ಲೇ ಬಿಯರ್ ಸಿಗುತ್ತೆ. ನಗಬೇಕೋ ಅಳಬೇಕೋ ಹೇಳಿ.

10 ಅಥವಾ ಹೆಚ್ಚು ನೌಕರರಿರುವ ಅಂಗಡಿಗಳು 24 ಗಂಟೆ ತೆರೆದಿರಬಹುದು ಅಂತ 2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿತು. ಒಳ್ಳೆಯ ಕೆಲಸವೇ. ಆದರೆ ಐದಾರು ಜನ ಸೇರಿ ನಡೆಸುವ ಚಿಕ್ಕ ಹೋಟೆಲು ಆ ಲೆಕ್ಕಕ್ಕೇ ಬರೋದಿಲ್ಲ. ರಾತ್ರಿ ಹನ್ನೆರಡಕ್ಕೆ ನಮಗೆ ಬೇಕಿರೋದು ದೊಡ್ಡ ಶೋರೂಮಲ್ಲ, ಅಂಥ ಚಿಕ್ಕ ಹೋಟೆಲೇ.

ಮನೆಗೆ ಹೋಗೋದು ಹೇಗೆ?

ರಾತ್ರಿಯಿಡೀ ಮೆಟ್ರೋ ಓಡಿಸಿ ಅಂತ ನಾನು ಕೇಳ್ತಿಲ್ಲ. ಹಳಿ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತಿರುತ್ತೆ, ಅದನ್ನು ನಿಲ್ಲಿಸದೆ ಕೆಲಸಗಾರರು ಹಳಿಗಿಳಿದು ದುರಸ್ತಿ ಮಾಡೋಕಾಗಲ್ಲ. ಅವರಿಗೆ ಸಿಗೋದು ಆ ನಾಲ್ಕೈದು ಗಂಟೆ ಮಾತ್ರ. ಆದರೆ ಬಸ್ಸಿಗೆ ಈ ಕಷ್ಟ ಇಲ್ಲ. ಅದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ: ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸುಗಳು ನಡುರಾತ್ರಿಯಲ್ಲೂ ಓಡುತ್ತವೆ. ವಿಮಾನ ಹತ್ತುವವನಿಗೆ ರಾತ್ರಿ 2ಕ್ಕೆ ಎಸಿ ಬಸ್ಸಿದೆ. ಅದೇ ಹೊತ್ತಿಗೆ ಆಸ್ಪತ್ರೆಯಿಂದ ಡ್ಯೂಟಿ ಮುಗಿಸಿ ಬರುವ ನರ್ಸಿಗೆ, ಹೋಟೆಲಿನ ಪಾತ್ರೆ ತೊಳೆದು ಬರುವ ಹುಡುಗನಿಗೆ ಬಸ್ಸಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ, ಸಂತೋಷ. ಆದರೆ ಬಸ್ಸೇ ಇಲ್ಲದ ಹೊತ್ತಿನಲ್ಲಿ ಉಚಿತ ಟಿಕೆಟ್ ಇಟ್ಟುಕೊಂಡು ಏನು ಮಾಡೋದು?

ಇನ್ನು ಆಟೋ. 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು. ಲೆಕ್ಕ ಹಾಕಿ: 10 ಕಿಲೋಮೀಟರಿಗೆ ಹಗಲು 180, ರಾತ್ರಿ 270. ಇದು ಕಾಗದದ ಮೇಲಿನ ಲೆಕ್ಕ. ಮಧ್ಯರಾತ್ರಿ ಮೆಜೆಸ್ಟಿಕ್‌ನಲ್ಲಿ ಲಗೇಜು ಹಿಡಿದು ನಿಂತು 'ಮೀಟರ್ ಹಾಕ್ತೀರಾ' ಅಂತ ಕೇಳಿ ನೋಡಿ, ಬರುವ ಉತ್ತರ ನಿಮಗೇ ಗೊತ್ತು. ಆಟೋದವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಬೇರೆ ದಾರಿಯೇ ಇಲ್ಲದ ಕಡೆ ಬೆಲೆ ಕೇಳಿದವನದ್ದೇ ಬೆಲೆ.

ಪಕ್ಕದ ಮನೆಯ ಅಜ್ಜಿ

ನಮ್ಮ ವಯಸ್ಸಿನವರು ಸುಲಭವಾಗಿ ಮರೆಯುವ ಒಬ್ಬರಿದ್ದಾರೆ. ಪಬ್ಬಿನ ಪಕ್ಕದ ಮನೆಯ ಅಜ್ಜಿ. ಇಂದಿರಾನಗರ, ಕೋರಮಂಗಲ, ಜೆ.ಪಿ. ನಗರಗಳಲ್ಲಿ 70ರ, 80ರ ದಶಕದಲ್ಲಿ ಸೈಟು ಕೊಂಡು ಮನೆ ಕಟ್ಟಿದವರು, ಪಕ್ಕದ ಸೈಟಿನಲ್ಲಿ ಮುಂದೊಂದು ದಿನ ನಾಲ್ಕು ಮಹಡಿಯ ಬಾರ್ ಬರುತ್ತೆ ಅಂತ ಕನಸಲ್ಲೂ ಎಣಿಸಿರಲಿಲ್ಲ. 2007ರಲ್ಲಿ ಜಾರಿಗೆ ಬಂದ ಮಾಸ್ಟರ್ ಪ್ಲ್ಯಾನ್ ವಾಸದ ಬೀದಿಗಳಲ್ಲೂ ವ್ಯಾಪಾರಕ್ಕೆ ಧಾರಾಳವಾಗಿ ಅವಕಾಶ ಕೊಟ್ಟಿತು. ಅಲ್ಲಿಂದ ಈ ಗೋಳು ಹೆಚ್ಚಾಯಿತು.

ಕಾನೂನು ಏನನ್ನುತ್ತೆ? 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. 45ಕ್ಕೂ 55ಕ್ಕೂ ಬರೀ ಹತ್ತರ ವ್ಯತ್ಯಾಸ ಅಂದುಕೊಳ್ಳಬೇಡಿ. ಡೆಸಿಬಲ್ ಲೆಕ್ಕ ನಮ್ಮ ಸಾಮಾನ್ಯ ಕೂಡುವ ಲೆಕ್ಕವಲ್ಲ. ಹತ್ತು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು, ನಮ್ಮ ಕಿವಿಗೆ ಸುಮಾರು ಎರಡು ಪಟ್ಟು. ಅದರಲ್ಲೂ 'ಧಬ್ ಧಬ್' ಅನ್ನುವ ಬೇಸ್ ಇದೆಯಲ್ಲ, ಅದು ಗೋಡೆ, ಕಿಟಕಿ ಯಾವುದಕ್ಕೂ ಜಗ್ಗಲ್ಲ. ಹಾಡು ಕೇಳಿಸದಿದ್ದರೂ ಎದೆಯ ಮೇಲೆ ಯಾರೋ ಕುಟ್ಟಿದ ಹಾಗಿರುತ್ತೆ. ಔಷಧಿ ತಗೊಂಡು ಮಲಗಿದ ಅಜ್ಜಿ 'ಮುಚ್ಚಿಸಿ' ಅಂದರೆ ಅವರನ್ನು ಹಳೇ ಕಾಲದವರು ಅಂತ ನಗೋದು ನ್ಯಾಯವಲ್ಲ.

ರೂಫ್‌ಟಾಪ್‌ನಲ್ಲಿ ಸ್ಪೀಕರ್ ಇಡಬೇಡಿ, ಗೋಡೆಗೆ ಶಬ್ದ ತಡೆಯುವ ವ್ಯವಸ್ಥೆ ಮಾಡಿ, ಅಳತೆ ಯಂತ್ರ ಇಟ್ಟು ಪರೀಕ್ಷಿಸಿ ಅನ್ನೋದು ದುಬಾರಿ ವಿಜ್ಞಾನವೇನಲ್ಲ. ಆದರೆ ನಮ್ಮಲ್ಲಿ ನಡೆಯೋದು ಬೇರೆ. ದೂರು ಜಾಸ್ತಿಯಾದಾಗ ಒಂದು ವಾರ ಎಲ್ಲವನ್ನೂ ಮುಚ್ಚಿಸ್ತಾರೆ, ಆಮೇಲೆ ಎಲ್ಲವೂ ಮೊದಲಿನಂತೆ.

ಹಾಡು ಹೋಯಿತು, ಗ್ಲಾಸು ಉಳಿಯಿತು

ಈ ಒಟ್ಟಿಗೇ ಮುಚ್ಚಿಸುವ ಚಾಳಿಗೆ ಹೆಚ್ಚು ಬಲಿಯಾದದ್ದು ಸಂಗೀತ. 2005ರಲ್ಲಿ ನಗರ ಪೊಲೀಸ್ ಆಯುಕ್ತರು ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿಗೆ ಒಂದು ಆದೇಶ ತಂದರು. ಕಣ್ಣು ಇದ್ದದ್ದು 'ಲೈವ್ ಬ್ಯಾಂಡ್' ಹೆಸರಿನ ಡ್ಯಾನ್ಸ್ ಬಾರ್‌ಗಳ ಮೇಲೆ. ಆದರೆ ಗಿಟಾರ್ ಹಿಡಿದು ಹಾಡುವ ಹುಡುಗರೂ ಅದೇ ಬಲೆಗೆ ಬಿದ್ದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಆಮೇಲೆ ಪೊಲೀಸರು ಪರವಾನಗಿ ಕೇಳತೊಡಗಿದರು. ಹಳೆಯ ಕಟ್ಟಡಗಳಿಗೆ ಆಕ್ಯುಪೆನ್ಸಿ ಸರ್ಟಿಫಿಕೇಟೇ ಇಲ್ಲ, ಅದಿಲ್ಲದೆ ಪರವಾನಗಿ ಇಲ್ಲ. ಎಷ್ಟೋ ಕಡೆ ಹಾಡು ನಿಂತಿತು. ಇಂದಿರಾನಗರದ ಹಮ್ಮಿಂಗ್ ಟ್ರೀ ಅನ್ನೋ ಜಾಗ, ಹೊಸ ತಂಡಗಳಿಗೆ ವೇದಿಕೆ ಕೊಡುತ್ತಿದ್ದದ್ದು, 2019ರಲ್ಲಿ ಬಾಗಿಲು ಹಾಕಿತು.

2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದು ಅರಮನೆ ಮೈದಾನದಲ್ಲಿ ಹಾಡಿ ಹೋದ ಊರಿದು. ಥರ್ಮಲ್ ಅಂಡ್ ಎ ಕ್ವಾರ್ಟರ್, ಸ್ವರಾತ್ಮ, ರಘು ದೀಕ್ಷಿತ್ ಅವರಂಥವರು ಬೆಳೆದದ್ದು ಇಲ್ಲಿನ ಚಿಕ್ಕ ಚಿಕ್ಕ ವೇದಿಕೆಗಳ ಮೇಲೆ. ಆ ಚಿಕ್ಕ ವೇದಿಕೆ ಕಿತ್ತರೆ ಮುಂದಿನ ತಲೆಮಾರು ಎಲ್ಲಿ ಹಾಡಬೇಕು? ವಿಚಿತ್ರ ನೋಡಿ, ಅಪಾಯ ಅಂತ ನಿಲ್ಲಿಸಿದ್ದು ಹಾಡನ್ನು, ಉಳಿಸಿಕೊಂಡದ್ದು ಮದ್ಯವನ್ನು.

ಕನ್ನಡದ ಮಾತೂ ಬಂತು. ಅಂಗಡಿ ಫಲಕದಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಾಯಿತು. ಹೊರಗೆ ಬೋರ್ಡ್ ಕನ್ನಡದಲ್ಲಿದೆ. ಒಳಗೆ ಒಂದು ಕನ್ನಡ ಹಾಡು ಹಾಕಿಸೋಕೆ ಡಿಜೆಗೆ ಮೂರು ಸಲ ಚೀಟಿ ಕಳಿಸಬೇಕು. ಹಾಕಿದ ಮೇಲೆ ಇಡೀ ಹಾಲ್ ಎದ್ದು ಕುಣಿಯುತ್ತೆ, ಅದು ಬೇರೆ ಮಾತು.

ಶಟರ್ ಎಳೆದ ಮೇಲೆ

2018ರ ಜನವರಿ 8ರ ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆ ಬಳಿಯ ಬಾರ್ ಒಂದಕ್ಕೆ ಬೆಂಕಿ ಬಿತ್ತು. ಗಿರಾಕಿಗಳೆಲ್ಲ ಹೋಗಿ ಎಷ್ಟೋ ಹೊತ್ತಾಗಿತ್ತು. ಸತ್ತದ್ದು ಒಳಗೇ ಮಲಗಿದ್ದ ಐದು ಜನ ಕೆಲಸಗಾರರು. ಅದಕ್ಕೆ ಹತ್ತು ದಿನ ಮೊದಲು ಮುಂಬೈನ ಕಮಲಾ ಮಿಲ್ಸ್ ರೂಫ್‌ಟಾಪ್ ಬೆಂಕಿಯಲ್ಲಿ 14 ಮಂದಿ ತೀರಿಕೊಂಡಿದ್ದರು, ದೇಶವಿಡೀ ಅದರ ಬಗ್ಗೆ ಮಾತಾಡಿತು. ನಮ್ಮ ಐದು ಜನರನ್ನು ಎಷ್ಟು ಮಂದಿ ನೆನಪಿಟ್ಟಿದ್ದಾರೆ?

ಅವರು ಬಾರಿನಲ್ಲೇ ಯಾಕೆ ಮಲಗಿದ್ದರು ಅನ್ನೋದು ಮುಖ್ಯ ಪ್ರಶ್ನೆ. ಇದು ಒಂದು ಬಾರಿನ ಕಥೆಯಲ್ಲ. ಗಿರಾಕಿ 1 ಗಂಟೆಗೆ ಎದ್ದರೆ, ಟೇಬಲ್ ಒರೆಸಿ, ಪಾತ್ರೆ ತೊಳೆದು, ಲೆಕ್ಕ ಒಪ್ಪಿಸುವಾಗ 2 ದಾಟುತ್ತೆ. ಆ ಹೊತ್ತಿನಲ್ಲಿ ಬಸ್ಸಿಲ್ಲ, ಕ್ಯಾಬಿಗೆ ಕೊಡುವಷ್ಟು ದುಡ್ಡಿಲ್ಲ, ಬಾಡಿಗೆ ರೂಮೂ ದುಬಾರಿ. ಕುಂದಾಪುರದಿಂದ, ಹಾಸನದಿಂದ, ಒಡಿಶಾದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಹುಡುಗರು. ನಾವು ಮಾಮೂಲಾಗಿ ಹೋಗುವ ಒಂದು ಕಡೆಯ ವೇಟರ್ ಹುಡುಗ ಒಮ್ಮೆ ಹೇಳಿದ: "ಸರ್, ನೀವು ಲಾಸ್ಟ್ ಆರ್ಡರ್ ಬೇಗ ಹೇಳಿದ್ರೆ ನಾನು ಎರಡು ಗಂಟೆಗೆ ರೂಮ್ ಸೇರ್ತೀನಿ. ಲೇಟ್ ಮಾಡಿದ್ರೆ ಮೂರು. ನಡ್ಕೊಂಡೇ ಹೋಗ್ಬೇಕಲ್ವಾ." ದೂರಿನ ಧಾಟಿ ಇರಲಿಲ್ಲ, ನಗ್ತಾನೇ ಹೇಳಿದ. ಗಡುವು ವಿಸ್ತರಿಸಿ ಅಂತ ಕೇಳುವ ನಾವು ಈ ಲೆಕ್ಕವನ್ನೂ ಹಾಕಬೇಕು.

ಒಂದು ರಾತ್ರಿಯ ಬೆಂಗಳೂರು

2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಹೆಣ್ಣುಮಕ್ಕಳ ಮೇಲೆ ನಡೆದ ಕಿರುಕುಳದ ಸುದ್ದಿ ದೇಶವಿಡೀ ನಾವು ತಲೆ ತಗ್ಗಿಸುವಂತೆ ಮಾಡಿತು. ಅವತ್ತಿನಿಂದ ಹೊಸವರ್ಷದ ಬಂದೋಬಸ್ತ್ ಬದಲಾಗಿದೆ. ಆ ರಾತ್ರಿ ಫ್ಲೈಓವರ್ ಮುಚ್ಚುತ್ತಾರೆ, ರಸ್ತೆಯನ್ನು ನಡೆಯುವವರಿಗೆ ಬಿಡುತ್ತಾರೆ, ಮೆಟ್ರೋ ತಡರಾತ್ರಿಯವರೆಗೆ ಓಡುತ್ತೆ, ಹೆಂಗಸರಿಗೆ ಸುರಕ್ಷಿತ ತಾಣ, ಸಾವಿರಾರು ಪೊಲೀಸರು. ಅಂದ್ರೆ ಮಾಡೋಕೆ ಬರುತ್ತೆ! ಆದರೆ ವರ್ಷಕ್ಕೆ ಒಂದೇ ರಾತ್ರಿ. ಉಳಿದ 364 ರಾತ್ರಿ ಹೆಣ್ಣುಮಗಳಿಗೆ ಸಿಗೋದು "ಅಷ್ಟು ಹೊತ್ತಲ್ಲಿ ಯಾಕಮ್ಮ ಹೊರಗೆ ಹೋಗಿದ್ದೆ" ಅನ್ನೋ ಪ್ರಶ್ನೆ ಮಾತ್ರ.

ಪೊಲೀಸರಿಲ್ಲದೆಯೂ ಸುರಕ್ಷಿತವಾಗಿರುವ ರಾತ್ರಿಯೊಂದು ಈ ಊರಿಗೆ ಗೊತ್ತು ಅಂತ ಹೇಳಿದರೆ ಉತ್ಪ್ರೇಕ್ಷೆ, ಅಲ್ಲೂ ಪೊಲೀಸರಿರುತ್ತಾರೆ. ಆದರೆ ಚೈತ್ರ ಹುಣ್ಣಿಮೆಯ ಕರಗದ ರಾತ್ರಿ ಒಮ್ಮೆ ಪೇಟೆಗೆ ಹೋಗಿ ನೋಡಿ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ನಡುರಾತ್ರಿ ಕರಗ ಹೊರಡುತ್ತೆ. ಕತ್ತಿ ಹಿಡಿದ ವೀರಕುಮಾರರು, ಮಲ್ಲಿಗೆಯ ಘಮ, ಮಸ್ತಾನ್ ಸಾಬ್ ದರ್ಗಾದ ಭೇಟಿ, ಬೆಳಗಿನವರೆಗೂ ಮೆರವಣಿಗೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪ, ಜಗಲಿಯಲ್ಲಿ ಕೂತ ಅಜ್ಜಿ, ಮಜ್ಜಿಗೆ ಪಾನಕ ಹಂಚುವವರು, ಕಾಲೇಜು ಹುಡುಗಿಯರ ಗುಂಪು. ಎಲ್ಲ ವಯಸ್ಸಿನವರೂ ಬೀದಿಯಲ್ಲಿರೋದರಿಂದ ಬೀದಿ ಯಾರಿಗೂ ಹೆದರಿಕೆ ಹುಟ್ಟಿಸಲ್ಲ. ಬರೀ ಕುಡಿದ ಗಂಡಸರಷ್ಟೇ ಇರುವ ಬೀದಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಗ್ಲಾಸಿಲ್ಲದ ರಾತ್ರಿ

ಕುಡಿತ ಇಲ್ಲದೆ ನೈಟ್‌ಲೈಫ್ ನಡೆಯುತ್ತಾ ಅಂತ ಕೇಳುವವರು ಇಂದೋರಿನ ಸರಾಫಾ ಬಜಾರ್ ನೋಡಬೇಕು. ಹಗಲು ಚಿನ್ನಬೆಳ್ಳಿ ಅಂಗಡಿ. ಅವು ಬಾಗಿಲು ಹಾಕಿದ ಮೇಲೆ ಅದೇ ಬೀದಿಯಲ್ಲಿ ತಿಂಡಿ ಸಂತೆ, ನಡುರಾತ್ರಿ ದಾಟುವವರೆಗೆ ಸಂಸಾರ ಸಮೇತ ಜನ. ಅಹಮದಾಬಾದಿನ ಮಾಣೆಕ್ ಚೌಕ್ ಕೂಡ ಹಾಗೇ. ಗುಜರಾತ್ ಪಾನನಿಷೇಧದ ರಾಜ್ಯ ಅನ್ನೋದು ನೆನಪಿರಲಿ. 2020ರಲ್ಲಿ ಮುಂಬೈ ಮಾಲ್, ಹೋಟೆಲುಗಳಿಗೆ ವಾಸದ ಪ್ರದೇಶ ಬಿಟ್ಟು ಉಳಿದ ಕಡೆ 24 ಗಂಟೆ ಅನುಮತಿ ಕೊಟ್ಟಾಗಲೂ ಮದ್ಯಕ್ಕೆ 1:30ರ ಗಡುವು ಹಾಗೇ ಇಟ್ಟಿತು. ಎರಡನ್ನೂ ಬೇರೆ ಬೇರೆ ಮಾಡಬಹುದು ಅಂತಾಯಿತಲ್ಲ.

ನಮ್ಮಲ್ಲೂ ಹಸಿವು ಇದೆ. ವಿ.ವಿ. ಪುರದ ತಿಂಡಿ ಬೀದಿ, ರಂಜಾನ್ ತಿಂಗಳಲ್ಲಿ ಫ್ರೇಜರ್ ಟೌನಿನ ಮಾಸ್ಕ್ ರೋಡ್, ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಎಲ್ಲ ಕಡೆ ಕಾಲಿಡಲು ಜಾಗ ಇರಲ್ಲ. ನಸುಕಿನ 4 ಗಂಟೆಗೆ ಬಿರಿಯಾನಿ ತಿನ್ನೋಕೆ ನಮ್ಮ ಹುಡುಗರು ಹೊಸಕೋಟೆವರೆಗೆ ಗಾಡಿ ಓಡಿಸ್ತಾರೆ ಅಂದ್ರೆ ಊರೊಳಗೆ ಏನೋ ಕಮ್ಮಿ ಇದೆ ಅಂತಲೇ ಅರ್ಥ.

ಹಾಗಾದರೆ ಏನು ಮಾಡಬಹುದು? ದೊಡ್ಡ ಯೋಜನೆ ಬೇಡ. ಮೆಜೆಸ್ಟಿಕ್, ಶಿವಾಜಿನಗರ, ಕೆ.ಆರ್. ಮಾರುಕಟ್ಟೆಯಿಂದ ಎಂಟು ದಿಕ್ಕಿಗೆ ಅರ್ಧ ಗಂಟೆಗೊಂದು ರಾತ್ರಿ ಬಸ್ಸು. ರಾತ್ರಿ ಊಟ 9ರ ಹೊತ್ತಿಗೇ ಮುಗಿಯುವ ಇಂದಿರಾ ಕ್ಯಾಂಟೀನುಗಳಲ್ಲಿ ಬಸ್ ನಿಲ್ದಾಣ, ಆಸ್ಪತ್ರೆ ಬಳಿಯ ಒಂದಷ್ಟನ್ನು ರಾತ್ರಿಯಿಡೀ ತೆರೆಯುವುದು. ಬೀಗ ಹಾಕದ, ದೀಪ ಇರುವ ಸಾರ್ವಜನಿಕ ಶೌಚಾಲಯ. ಮನೆಗಳಿಲ್ಲದ ವ್ಯಾಪಾರದ ಬೀದಿ ಒಂದನ್ನು ಆರಿಸಿ ಶನಿವಾರ ರಾತ್ರಿ ತಿಂಡಿಗೆ, ಹಾಡಿಗೆ, ಪುಸ್ತಕಕ್ಕೆ ಬಿಡುವುದು. ಚರ್ಚ್ ಸ್ಟ್ರೀಟನ್ನು 2020ರ ಕೊನೆಯಲ್ಲಿ ವಾರಾಂತ್ಯಕ್ಕೆ ವಾಹನಮುಕ್ತ ಮಾಡಿದಾಗ ಜನ ಹೇಗೆ ಬಂದರು ಅಂತ ನೋಡಿದ್ದೇವಲ್ಲ. ತಡರಾತ್ರಿ ಪರವಾನಗಿ ಬೇಕು ಅನ್ನುವ ಬಾರು, ಕೆಲಸಗಾರರನ್ನು ಮನೆ ತಲುಪಿಸುವ ವಾಹನವನ್ನೂ ತೋರಿಸಬೇಕು ಅನ್ನೋ ಷರತ್ತು. ಈಗ ಒಂದರ ಬದಲು ಐದು ಪಾಲಿಕೆಗಳಾಗಿವೆ, ಯಾವುದಾದರೂ ಒಂದು ಮೊದಲು ಮಾಡಿ ತೋರಿಸಲಿ.

ಒಂದು ಊರಿನ ರಾತ್ರಿ ಚೆನ್ನಾಗಿದೆಯಾ ಇಲ್ವಾ ಅಂತ ಅಳೆಯೋಕೆ ನನ್ನದೊಂದು ಸರಳ ಪರೀಕ್ಷೆ ಇದೆ. ರಾತ್ರಿ 12:30ಕ್ಕೆ ಊರಿನಿಂದ ಬಂದ ಬಸ್ಸು ಮೆಜೆಸ್ಟಿಕ್‌ನಲ್ಲಿ ನಿಲ್ಲುತ್ತೆ. ಅರವತ್ತು ವರ್ಷದ ಒಬ್ಬ ತಾಯಿ, ಕೈಯಲ್ಲಿ ಹಪ್ಪಳ-ಉಪ್ಪಿನಕಾಯಿಯ ಚೀಲ, ಒಬ್ಬರೇ ಇಳಿಯುತ್ತಾರೆ. ಅವರಿಗೆ ಶುಚಿಯಾದ ಶೌಚಾಲಯ, ಒಂದು ಲೋಟ ಬಿಸಿ ಕಾಫಿ, ನ್ಯಾಯವಾದ ದರದಲ್ಲಿ ಮಗಳ ಮನೆಗೊಂದು ವಾಹನ, ಈ ಮೂರೂ ಯಾರನ್ನೂ ಗೋಗರೆಯದೆ ಸಿಕ್ಕರೆ ಆ ಊರಿಗೆ ನೈಟ್‌ಲೈಫ್ ಇದೆ ಅಂತ ಅರ್ಥ. ಆಮೇಲೆ ಬಾರು ಒಂದಕ್ಕೆ ಮುಚ್ಚಲಿ, ಎರಡಕ್ಕೆ ಮುಚ್ಚಲಿ, ಆರಾಮಾಗಿ ಕೂತು ಜಗಳ ಆಡೋಣ.